ಎದುರಿಗೆ ಓದಬಹುದಾದ ಪದ

ನಮ್ಮ ದೊಡ್ಡ ರೈಟ್ರು ತೀರಿಕೊಂಡ ಹದಿನೈದು ದಿನಕ್ಕೆ ಮೂಡಿಗೆರೆಯಲ್ಲಿ ಒಂದು ಸಣ್ಣ ಸಂತಾಪ ಸಭೆ ನಡೆಯಿತು. ಸುತ್ತಲಿನ ತೋಟಗಳ ರೈಟರುಗಳು, ಮೇಸ್ತ್ರಿಗಳು, ಒಬ್ಬಿಬ್ಬರು ಮಾಲೀಕರು ಸೇರಿ ಮೂವತ್ತು ಜನ ಇದ್ದಿರಬಹುದು. ಮೊದಲು ಎದ್ದವರು ಅವರನ್ನು ‘ಚೈತನ್ಯದ ಚಿಲುಮೆ’ ಎಂದರು. ಎರಡನೆಯವರು ‘ಪ್ರಚಂಡ ಕೆಲಸಗಾರ’ ಎಂದರು. ಮೂರನೆಯವರು ಏನು ಉಳಿದಿದೆ ಎಂದು ಹುಡುಕಾಡಿ, ‘ಪ್ರಚಂಡ ಚೈತನ್ಯ’ ಎಂದು ಎರಡನ್ನೂ ಕೂಡಿಸಿ ಹೇಳಿ ಕುಳಿತರು. ಸಂತಾಪ ಸಭೆಯಲ್ಲಿ ನಗಬಾರದು. ಆದರೂ ನನಗೆ ನಗು ಬಂತು, ಹಿಂದೆಯೇ ಕಣ್ಣೂ ತುಂಬಿತು.

ಯಾಕೆಂದರೆ ಅವರು ಕಡ್ಡಿಯಂಥ ಮನುಷ್ಯ. ನಡೆದರೆ ಚಪ್ಪಲಿಯ ಸದ್ದೂ ಆಗುತ್ತಿರಲಿಲ್ಲ. ಬಂಗಲೆಯಿಂದ ಆಫೀಸಿಗೆ ಬರುವ ಏರಿನಲ್ಲಿ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ನಿಂತದ್ದು ಗೊತ್ತಾಗಬಾರದೆಂದು ಯಾವುದೋ ಗಿಡದ ಎಲೆ ತಿರುಗಿಸಿ ನೋಡುತ್ತಿದ್ದರು. ಅಂಥವರ ಎದುರಿಗೆ ಯಾರಾದರೂ ‘ಪ್ರಚಂಡ’ ಎಂದಿದ್ದರೆ ಕನ್ನಡಕವನ್ನು ಹಣೆಗೆ ಏರಿಸಿ, ‘ಎಲ್ಲಿ ನೋಡಿದ್ರಿ?’ ಎಂದು ಕೇಳುತ್ತಿದ್ದರು. ಅವರು ಬದುಕಿದ್ದಷ್ಟು ಕಾಲ ಪದಗಳಿಗೆ ಕೇಳಿದ ಪ್ರಶ್ನೆ ಅದೊಂದೇ.

ನನ್ನ ಸರದಿ ಬಂದಾಗ ಎರಡು ವಾಕ್ಯ ಹೇಳಿ ಕುಳಿತೆ. ಹೇಳಬೇಕಾದದ್ದನ್ನು ಹೇಳಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊರಗಿನವರಿಗೆ ಒಂದು ಮಾತು. ಕಾಫಿ ತೋಟದಲ್ಲಿ ರೈಟರ್ ಎಂದರೆ ಕಥೆ ಬರೆಯುವವನಲ್ಲ. ಆಳುಗಳ ಹಾಜರಿ, ಗೊಬ್ಬರದ ಖರ್ಚು, ಮಳೆಯ ಅಳತೆ, ಕಾಗದಪತ್ರ ಇವನ್ನೆಲ್ಲ ನೋಡಿಕೊಳ್ಳುವ ಗುಮಾಸ್ತ. ದೇವರಮನೆ ಕಡೆಗೆ ಹೋಗುವ ದಾರಿಯಲ್ಲಿದ್ದ ಆ ತೋಟದಲ್ಲಿ ಇಬ್ಬರು ರೈಟರುಗಳಿದ್ದೆವು. ಅವರು ದೊಡ್ಡ ರೈಟ್ರು, ನಾನು ಸಣ್ಣ ರೈಟ್ರು. ಹೈಸ್ಕೂಲು ಮುಗಿಸಿ, ಚಿಕ್ಕಮಗಳೂರಿನ ಒಂದು ಮರದ ಡಿಪೋದಲ್ಲಿ ಇಪ್ಪತ್ತೆಂಟು ವರ್ಷ ಲೆಕ್ಕ ಬರೆದು, ಅದು ಮುಚ್ಚಿದ ಮೇಲೆ ತೊಂಬತ್ತರ ದಶಕದ ಮೊದಲಲ್ಲಿ ನಾನು ಅಲ್ಲಿಗೆ ಸೇರಿದೆ. ಆಗಲೇ ನಲವತ್ತೈದು ದಾಟಿತ್ತು. ಮುಂದೆ ನಾನು ಮಾಡಿದ್ದಕ್ಕೆ ಹುಡುಗುಬುದ್ಧಿಯ ನೆಪ ಇಲ್ಲ ಎಂದು ತಿಳಿಯಲಿ ಅಂತ ವಯಸ್ಸು ಹೇಳಿದೆ.

ಆ ಕಾಲದಲ್ಲಿ ತೋಟದಿಂದ ತೋಟಕ್ಕೆ ಕೆಲಸ ಬದಲಿಸುವವರು ಕೈಯಲ್ಲೊಂದು ಚೀಟಿ ಹಿಡಿದು ಹೋಗುತ್ತಿದ್ದರು. ಈ ತೋಟದ ರೈಟರು ಆ ತೋಟದ ರೈಟರಿಗೆ ಬರೆದ ಚೀಟಿ. ‘ಚೀಟಿ ತಂದವರು ನಮ್ಮಲ್ಲಿ ಇಷ್ಟು ವರ್ಷ ಇದ್ದರು, ಇಂಥ ಕೆಲಸ ಮಾಡಿದರು’ ಎಂದ ಮೇಲೆ ಆಳು ಎಂಥವರು ಎಂದು ಒಂದು ಪದ. ಬೇರೆಲ್ಲ ಕಡೆ ಆ ಪದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ‘ಒಳ್ಳೆಯ ಆಳು’ ಎಂದು ಗೀಚಿ ಕೊಟ್ಟರೆ ಮುಗಿಯಿತು. ನಮ್ಮ ದೊಡ್ಡ ರೈಟ್ರಿಗೆ ಮಾತ್ರ ಅದು ಮದುವೆಗೆ ಜಾತಕ ನೋಡಿದಷ್ಟು ಕೆಲಸ. ಕಳಸದ ಕಡೆಯ ಅರ್ಚಕರ ಮನೆತನದವರು ಅವರು. ಪೂಜೆ ಅಣ್ಣನಿಗೆ ಹೋಯಿತು, ಮಡಿ ನನ್ನ ಪಾಲಿಗೆ ಬಂತು ಎಂದು ತಮಾಷೆ ಮಾಡುತ್ತಿದ್ದರು. ಆ ಮಡಿಯೆಲ್ಲ ಪದಗಳ ಮೇಲೆ.

ಚೀಟಿ ಬೇಕೆಂದು ಬಂದವರಿಗೆ ‘ನಾಡಿದ್ದು ಬಾ’ ಎನ್ನುತ್ತಿದ್ದರು. ಮಾರನೆಯ ದಿನ ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಆ ಮನುಷ್ಯ ಕೆಲಸ ಮಾಡುವಲ್ಲಿಗೇ ಹೋಗಿ ಅರ್ಧ ದಿನ ನಿಲ್ಲುತ್ತಿದ್ದರು. ಜೊತೆಗೆ ಕೆಲಸ ಮಾಡುವ ಇಬ್ಬರು ಮೂವರನ್ನು ವಿಚಾರಿಸುತ್ತಿದ್ದರು. ಆಮೇಲೆ ಆಫೀಸಿಗೆ ಬಂದು ಲವಂಗ ಒಂದನ್ನು ದವಡೆಗೆ ಒತ್ತಿಕೊಂಡು ಕೂರುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ಚುರುಕು, ಬಿರುಸು, ರಭಸ, ಹುರುಪು, ಕಸುವು, ಗಟ್ಟಿ. ಒಂದೊಂದನ್ನೇ ಆ ಮನುಷ್ಯನಿಗೆ ತೊಡಿಸಿ ನೋಡುವ ಹಾಗೆ. ಸರಿಯಾದದ್ದು ಸಿಕ್ಕಾಗ ಬೆರಳ ಗೆಣ್ಣಿನಿಂದ ಮೇಜಿಗೆ ಎರಡು ಸಲ ಕುಟ್ಟುತ್ತಿದ್ದರು. ಆ ಸದ್ದು ಕೇಳಿದರೆ ನನಗೂ ಒಂದು ಭಾರ ಇಳಿದಂತೆ ಆಗುತ್ತಿತ್ತು.

ಮೊದಲ ವರ್ಷ ನಾನು ಕೇಳಿದೆ: ಎಲ್ಲ ಒಂದೇ ಅಲ್ಲವೇ, ಬೇಗ ಕೆಲಸ ಮಾಡುತ್ತಾನೆ ಎಂದು ತಿಳಿದರಾಯಿತಲ್ಲ? ಅವರು ನನ್ನನ್ನು ಕರೆದುಕೊಂಡು ಹೋಗಿ ನೆರಳಿನ ಮರದ ಕೊಂಬೆ ಕಡಿಯುತ್ತಿದ್ದ ಇಬ್ಬರನ್ನು ತೋರಿಸಿದರು. ಒಬ್ಬ ಕತ್ತಿ ಬೀಸಿದರೆ ಗಾಳಿ ಸುಯ್ಯೆನ್ನುತ್ತಿತ್ತು. ಅವನು ಬೀಳಿಸಿದ ಕೊಂಬೆಯ ಕೆಳಗೆ ಎರಡು ಕಾಫಿ ಗಿಡ ಮುರಿದು ಮಲಗಿದ್ದವು. ಇನ್ನೊಬ್ಬ ಹಗ್ಗ ಕಟ್ಟಿ, ಕಾಲು ಒತ್ತಿ, ಕೊಂಬೆಯನ್ನು ಸಾಲಿನ ನಡುವಿನ ಖಾಲಿ ಜಾಗಕ್ಕೇ ಇಳಿಸುತ್ತಿದ್ದ.

“ಮೇಲಿನವ್ನು ಬಿರುಸು, ಆಚೆಯವ್ನು ಗಟ್ಟಿ,” ಎಂದರು. “ಬಿರುಸು ಮಳೆಗೆ ಇರ್ಲಿ ಮಾರಾಯ, ಮರ ಹತ್ತೋನಿಗೆ ಬೇಡ. ಇಬ್ಬರಿಗೂ ಒಂದೇ ಪದ ಬರದ್ರೆ ಒಬ್ಬನಿಗೆ ಅನ್ಯಾಯ, ಇನ್ನೊಬ್ಬನ್ನ ಇಟ್ಕೊಂಡ ತೋಟಕ್ಕೆ ಅನ್ಯಾಯ.”

ನಾನು ಹೂಂ ಎಂದೆ. ಅವತ್ತು ಅದು ಒಬ್ಬ ಮುದುಕನ ಗೀಳು ಎಂದುಕೊಂಡಿದ್ದೆ.

ಚೀಟಿ ಬರೆದಾದ ಮೇಲೆ ಅವರದೊಂದು ಕ್ರಮ ಇತ್ತು. ಬೇರೆ ಯಾವ ತೋಟದಲ್ಲೂ ನಾನು ಅದನ್ನು ಕಾಣಲಿಲ್ಲ. ಚೀಟಿ ಒಯ್ಯುವವರನ್ನು ಎದುರಿಗೆ ನಿಲ್ಲಿಸಿ ಪೂರ್ತಿ ಓದಿ ಹೇಳುತ್ತಿದ್ದರು. ಓದಲು ಬರುವವರಿಗೂ, ಬಾರದವರಿಗೂ. ಮುಖದೆದುರು ಓದಲಾಗದ ಪದವನ್ನು ಬೆನ್ನ ಹಿಂದೆ ಬರೆಯಬಾರದು ಎನ್ನುವುದು ಅವರ ನೇಮ. ಒಪ್ಪಿದರೆ ಮಾತ್ರ ಮಡಚಿ ಕೊಡುವುದು.

ಒಮ್ಮೆ ಅಗತೆಯ ಕೆಲಸದ ಒಬ್ಬ ವಯಸ್ಸಾದ ಆಳಿಗೆ ಅತ್ತಿಗುಂಡಿಯ ಕಡೆಯ ತೋಟಕ್ಕೆ ಹೋಗಬೇಕಿತ್ತು. ದೊಡ್ಡ ರೈಟ್ರು ‘ನಿಧಾನ’ ಎಂದು ಬರೆದು ಓದಿದರು. ಆತ ತಲೆ ಕೆರೆದುಕೊಂಡು ನಿಂತ.

“ಅಯ್ಯಾ, ಅದೊಂದ್ ತೆಗೀರಿ. ಊರಿಗೇ ಗೊತ್ತಿರೋದನ್ನ ಯಾಕ್ ಬರೀತೀರಿ?”

“ಸುಳ್ಳಾ ಹಂಗಾದ್ರೆ?”

“ಸುಳ್ಳಲ್ಲ. ನಿಧಾನವೇ. ಆದ್ರೆ ನಾ ನಿಂತಿದ್ದು ಯಾರಾದ್ರೂ ಕಂಡಿದಾರಾ?”

ದೊಡ್ಡ ರೈಟ್ರು ಮೇಜಿಗೆ ಎರಡು ಸಲ ಕುಟ್ಟಿ, ಹೊಸ ಕಾಗದ ತೆಗೆದು ಬರೆದರು: ‘ನಿಧಾನ, ಆದರೆ ನಿಲ್ಲುವವನಲ್ಲ.’ ಮೂರು ತಿಂಗಳ ಮೇಲೆ ಅತ್ತಿಗುಂಡಿಯ ರೈಟರಿಂದ ಕಾಗದ ಬಂತು. ಇಂಥ ನಿಧಾನದವರು ಇನ್ನೂ ಇಬ್ಬರು ಇದ್ದರೆ ಕಳಿಸಿ ಎಂದು.

ಮಾಲೀಕರ ಮುಂದೂ ಅವರು ಹಾಗೆಯೇ. ಯಾರೋ ಮಂತ್ರಿ ಬರುತ್ತಾರೆಂದು ಗೌಡ್ರು ಅಭಿನಂದನಾ ಪತ್ರ ಬರೆಯಲು ಹೇಳಿದರು. ‘ಧೀಮಂತ, ಪ್ರಚಂಡ, ಸಿಡಿಲಮರಿ’ ಎಂದೆಲ್ಲ ಇರಲಿ ರೈಟ್ರೇ ಎಂದು ಅವರೇ ಪದಗಳನ್ನೂ ಕೊಟ್ಟರು. ದೊಡ್ಡ ರೈಟ್ರು ಎರಡು ದಿನ ಬಿಟ್ಟು ತಂದು ಓದಿದ ಪತ್ರದಲ್ಲಿ ‘ಚಟುವಟಿಕೆಯ ಮನುಷ್ಯರು’ ಎಂದಷ್ಟೇ ಇತ್ತು. ಗೌಡ್ರು ಹುಬ್ಬು ಗಂಟಿಕ್ಕಿದರು. ಇವರು ಮೆತ್ತಗೆ ಹೇಳಿದರು, ನಾನು ಅವರನ್ನು ನೋಡಿದ್ದು ಒಂದೇ ಸಲ, ಕಾರಿನಿಂದ ಇಳಿದು ಹತ್ತಿ ಇಳಿದು ಹತ್ತಿ ಮಾಡುತ್ತಿದ್ದರು, ಕಂಡದ್ದಕ್ಕೆ ಇಷ್ಟೇ ಸಾಕು. ಗೌಡ್ರು ಜೋರಾಗಿ ನಕ್ಕು, ಪತ್ರವನ್ನು ಬೇರೆಯವರಿಂದ ಬರೆಸಿಕೊಂಡರು. ಆದರೆ ಅವತ್ತಿನಿಂದ ಯಾರನ್ನಾದರೂ ಕೆಲಸಕ್ಕೆ ಸೇರಿಸಿಕೊಳ್ಳುವಾಗ ಇವರನ್ನು ಕೇಳದೆ ಸೇರಿಸಿಕೊಳ್ಳುತ್ತಿರಲಿಲ್ಲ.

ಇಷ್ಟು ಹೇಳಿದೆನಲ್ಲ, ಇನ್ನು ನನ್ನ ವಿಷಯಕ್ಕೆ ಬರಬೇಕು.

ಹಣ್ಣು ಕೊಯ್ಯುವ ಹೆಂಗಸರಲ್ಲಿ ಗಿರಿಜಕ್ಕ ಎಂದೊಬ್ಬರು ಇದ್ದರು. ನನಗಿಂತ ಐದಾರು ವರ್ಷಕ್ಕೆ ಚಿಕ್ಕವರು. ತೋಟದವರೆಲ್ಲ ಅಕ್ಕ ಎನ್ನುತ್ತಿದ್ದುದರಿಂದ ಅದೇ ಹೆಸರಾಗಿತ್ತು. ಗಂಡ ಇರಲಿಲ್ಲ, ಮಗಳನ್ನು ಮದುವೆ ಮಾಡಿ ಕಳಿಸಿದ್ದರು. ಅವರು ಮುಂದಿದ್ದರೆ ಹಿಂದಿನ ಮೂವತ್ತು ಹೆಂಗಸರ ಕೈ ತಾನಾಗಿ ಓಡುತ್ತಿತ್ತು. ಕೂಗುತ್ತಿರಲಿಲ್ಲ, ಏನೋ ಒಂದು ಹಾಸ್ಯ ಮಾಡುತ್ತ, ಯಾರದೋ ಅತ್ತೆಯ ಕಥೆ ಹೇಳುತ್ತ ಸಾಲು ದಾಟಿಬಿಡುತ್ತಿದ್ದರು.

ಅರೇಬಿಕಾ ಕೊಯ್ಲಿನ ಒಂದು ದಿನ. ಗೌಡ್ರು ಬೆಳಿಗ್ಗೆ ನನ್ನ ಮೇಲೆ ರೇಗಿದ್ದರು, ಆ ಹೆಂಗಸರು ಕೊಯ್ಯುತ್ತಿದ್ದ ಬ್ಲಾಕು ಇನ್ನೂ ಮುಗಿದಿಲ್ಲವೆಂದು. ನಾನು ಹೋಗಿ ದಾರಿಯ ಮೇಲೆ ನಿಂತು ‘ಚುರುಕಾಗ್ಲಿ, ಚುರುಕಾಗ್ಲಿ’ ಎಂದು ಕೂಗತೊಡಗಿದೆ. ಕಾಲು ಗಂಟೆ ಕೂಗಿರಬೇಕು. ಗಿರಿಜಕ್ಕ ಸೊಂಟಕ್ಕೆ ಕಟ್ಟಿದ್ದ ಚೀಲ ಬಿಚ್ಚಿ ನನ್ನ ಮುಂದೆ ಹಿಡಿದರು.

“ರೈಟ್ರೇ, ಚುರುಕು ಅಂದ್ರೆ ಹೆಂಗೆ ಅಂತ ಒಂದ್ ಸಾಲು ತೋರಿಸ್ಕೊಡಿ. ನಾವು ಕಲ್ತಿಲ್ಲ.”

ಅಲ್ಲಿಗೆ ಬಿಟ್ಟು ಬರಬೇಕಿತ್ತು. ನಾನು ಹಟಕ್ಕೆ ಬಿದ್ದು ಚೀಲ ಕಟ್ಟಿಕೊಂಡೆ. ಅರೇಬಿಕಾ ಹಣ್ಣನ್ನು ಒಂದೊಂದೇ ಬಿಡಿಸಬೇಕು. ಕೆಂಪಗಾದದ್ದು ಮಾತ್ರ ಬರಬೇಕು, ಹಸಿರು ಕಾಯಿ ಗಿಡದಲ್ಲೇ ಉಳಿಯಬೇಕು, ಗೆಣ್ಣು ಉಳಿಯಬೇಕು, ಅಲ್ಲೇ ಬರುವ ವರ್ಷದ ಹೂವು. ನಾನು ರೊಯ್ಯನೆ ಕೊಂಬೆ ಎಳೆದು ಸುಲಿದೆ. ಐದು ಗಿಡ ಮುಗಿಸಿ, ಬೆವರು ಒರೆಸಿಕೊಂಡು ತಿರುಗಿದರೆ, ಗಿರಿಜಕ್ಕ ನನ್ನ ಚೀಲದಿಂದ ಒಂದು ಮುರಿದ ಕಡ್ಡಿಯನ್ನು ಎತ್ತಿ ಹಿಡಿದಿದ್ದರು. ಅದರ ತುಂಬ ಹಸಿರು ಕಾಯಿ, ನಾಲ್ಕು ಎಲೆ.

“ನೋಡ್ರೇ, ಚುರುಕು ಅಂದ್ರೆ ಇದು,” ಎಂದರು.

ಮೂವತ್ತು ಹೆಂಗಸರ ನಗು ಗುಡ್ಡದಿಂದ ಗುಡ್ಡಕ್ಕೆ ಹೋಯಿತು. ಆ ಕೊಯ್ಲು ಮುಗಿಯುವವರೆಗೂ ಆಳುಗಳ ಮನೆಸಾಲಾದ ಕೂಲಿ ಲೈನಿನಲ್ಲಿ ನನಗೆ ‘ಚುರುಕು ರೈಟ್ರು’ ಎಂದೇ ಹೆಸರು. ನನ್ನ ಹೆಂಡತಿಯ ಕಿವಿಗೂ ಬಿತ್ತು. ಅವಳೂ ನಕ್ಕಳು. ಅದು ನಗುವ ವಿಷಯವೇ. ನಾನೊಬ್ಬ ನಗಲಿಲ್ಲ.

ಮುಂದಿನ ಮಳೆಗಾಲದಲ್ಲಿ ಗಿರಿಜಕ್ಕ ಇಳಿಜಾರಿನಲ್ಲಿ ಜಾರಿ ಮಂಡಿಗೆ ಪೆಟ್ಟು ಮಾಡಿಕೊಂಡರು. ಎರಡು ತಿಂಗಳ ಮೇಲೆ ಕೆಲಸಕ್ಕೆ ಬಂದರೂ ಏರು ಹತ್ತುವಾಗ ಮುಖ ಬಿಳಿಚಿಕೊಳ್ಳುತ್ತಿತ್ತು. ನಮ್ಮ ತೋಟದಲ್ಲಿ ಸಮತಟ್ಟಾದ ಜಾಗದ ಕೆಲಸವೆಂದರೆ ಕಾಫಿ ಒಣಗಿಸುವ ಕಣದ್ದೊಂದೇ, ಅದೂ ಕೊಯ್ಲಿನ ಕಾಲಕ್ಕೆ ಮಾತ್ರ. ಆ ಹೊತ್ತಿಗೆ ಕಳಸದ ಕಡೆಯ ಒಂದು ತೋಟದಲ್ಲಿ ನರ್ಸರಿ ನೋಡಿಕೊಳ್ಳಲು ಒಬ್ಬ ಹೆಂಗಸು ಬೇಕಾಗಿದೆ ಎಂದು ದೊಡ್ಡ ರೈಟ್ರು ತಿಳಿದುಕೊಂಡು ಬಂದರು. ಹೊಳೆಯ ಪಕ್ಕ ಸಮನೆಲ, ಕೂತು ಮಾಡುವ ಕೆಲಸ, ಕೈಕೆಳಗೆ ಎಂಟು ಜನ, ಇರಲು ಮನೆ. ಗುಡ್ಡ ಹತ್ತುವುದೇ ಬೇಡ. ಗಿರಿಜಕ್ಕನಿಗೆ ಅದು ಬರಿಯ ಕೆಲಸವಲ್ಲ, ಕಾಲು ಉಳಿಯುವ ದಾರಿ. ಅವರು ದಿನಾ ಆಫೀಸಿನ ಮುಂದೆ ಹಾದುಹೋಗುವಾಗ ‘ಚೀಟಿ ಯಾವಾಗ ಅಯ್ಯಾ?’ ಎಂದು ಕೇಳುತ್ತಿದ್ದರು.

ಅಷ್ಟರಲ್ಲಿ ದೊಡ್ಡ ರೈಟ್ರ ಅಣ್ಣ ತೀರಿಕೊಂಡು ಅವರು ಊರಿಗೆ ಹೋಗಬೇಕಾಯಿತು. ನಾಲ್ಕನೆಯ ದಿನ ಆಫೀಸಿಗೆ ಫೋನು ಬಂತು. ಆ ತೋಟದವರು ಸೋಮವಾರದೊಳಗೆ ಆಳು ಬೇಕು ಎನ್ನುತ್ತಿದ್ದಾರೆ, ನಾನು ಬರುವುದು ತಡವಾಗುತ್ತದೆ, ಚೀಟಿ ನೀನೇ ಬರಿ ಎಂದರು. ಯಾವ ಪದ ಎಂದು ಅವರು ಹೇಳಲಿಲ್ಲ. “ಆಕೆ ಕೈ ನೀನು ಹತ್ರದಿಂದ ನೋಡಿದೀಯ. ಅದನ್ನ ನೆನಪಿಟ್ಕೊಂಡು ಬರಿ. ಓದಿ ಹೇಳಿ ಕಳ್ಸು,” ಎಂದರು. ಸೂತಕದ ಮನೆಯಿಂದ, ಯಾರದೋ ಅಂಗಡಿಯ ಫೋನಿನಲ್ಲಿ.

ನಾನು ಕಾಗದ ತೆಗೆದು ಕುಳಿತೆ. ಐದು ವರ್ಷ ಅವರ ಪಕ್ಕ ಕುಳಿತು ಕಲಿತಿದ್ದೆನಲ್ಲ, ಪದಗಳು ಸಾಲಾಗಿ ಬಂದವು. ಚುರುಕು ಎನ್ನಬಹುದಿತ್ತು. ಲವಲವಿಕೆ ಎನ್ನಬಹುದಿತ್ತು, ಆಕೆಗೆ ಅದು ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ‘ತಾನೂ ದುಡಿದು ಇತರರನ್ನೂ ದುಡಿಸಬಲ್ಲ ಲವಲವಿಕೆಯ ಹೆಂಗಸು’ ಎಂಬ ವಾಕ್ಯವೇ ಮನಸ್ಸಿನಲ್ಲಿ ತಯಾರಾಗಿ ನಿಂತಿತು. ನನ್ನ ಕೈ ಬರೆದದ್ದು: ‘ಬಹಳ ಜೋರಿನ ಹೆಂಗಸು.’

ನಮ್ಮ ಕಡೆ ಹೆಂಗಸನ್ನು ಜೋರು ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಚೀಟಿಯಲ್ಲಿ ಆ ಪದ ಕಂಡರೆ ಯಾವ ತೋಟದವರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನನಗೆ ಅದು ಗೊತ್ತಿತ್ತು. ಮುಂದೆ ಯಾರಾದರೂ ಕೇಳಿದರೆ ‘ಕೆಲಸದಲ್ಲಿ ಜೋರು ಅಂತ ಬರೆದೆ’ ಎಂದರಾಯಿತು ಎಂಬ ಉತ್ತರವನ್ನೂ ಬರೆಯುವಾಗಲೇ ಹೊಂದಿಸಿಕೊಂಡಿದ್ದೆ. ಕೆಳಗೆ ‘ದೊಡ್ಡ ರೈಟರ ಪರವಾಗಿ’ ಎಂದು ಹಾಕಿ, ಲಕೋಟೆಗೆ ಸೇರಿಸಿ, ಗೋಂದು ಹಚ್ಚಿದೆ. ನಮ್ಮ ಆಫೀಸಿನಿಂದ ಅಂಟಿಸಿದ ಚೀಟಿ ಹೋದದ್ದು ಅದೇ ಮೊದಲು.

ಗಿರಿಜಕ್ಕ ಒಳ್ಳೆಯ ಸೀರೆ ಉಟ್ಟು, ಬಸ್ಸಿಗೆ ಸಿದ್ಧವಾಗಿ ಬಂದಿದ್ದರು. ಲಕೋಟೆಯನ್ನು ತಿರುಗಿಸಿ ನೋಡಿ, “ಓದಿ ಹೇಳಲ್ವಾ ರೈಟ್ರೇ?” ಎಂದರು. ಅವರಿಗೆ ಓದಲು ಬರುತ್ತಿರಲಿಲ್ಲ.

“ಬಸ್ಸು ತಪ್ಪುತ್ತೆ,” ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. “ದೊಡ್ಡ ರೈಟ್ರು ಫೋನಲ್ಲಿ ಹೇಳಿದ ಹಾಗೇ ಬರ್ದಿದೀನಿ,” ಎಂದೂ ಸೇರಿಸಿದೆ.

ಅದನ್ನು ಕೇಳಿ ಅವರ ಮುಖ ಅರಳಿತು. ಲಕೋಟೆಯನ್ನು ರವಿಕೆಯೊಳಗೆ ಇಟ್ಟುಕೊಂಡು, ಕುಂಟುತ್ತ ಗೇಟಿನ ಕಡೆ ಹೋದರು. ತಮ್ಮನ್ನು ಬೇಡವೆನ್ನುವ ಪದವನ್ನು ತಾವೇ ಎದೆಗೆ ಇಟ್ಟುಕೊಂಡು ಕೊಟ್ಟಿಗೆಹಾರ ದಾಟಿ ಕಳಸದವರೆಗೆ ಒಯ್ದರು.

ಮಾರನೆಯ ದಿನ ಸಂಜೆ ವಾಪಸು ಬಂದರು. ಅಲ್ಲಿಯ ಮ್ಯಾನೇಜರು ಚೀಟಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿ, ಜೋರಿನವರು ಇಲ್ಲಿ ಆಗಲೇ ಇಬ್ಬರಿದ್ದಾರೆ, ಇನ್ನೊಬ್ಬರನ್ನು ಎಲ್ಲಿ ಕೂರಿಸಲಿ ಎಂದು ನಕ್ಕು ಕಳಿಸಿದ್ದರಂತೆ. ಇದು ಲೈನಿನ ಹೆಂಗಸರಿಂದ ನನಗೆ ತಿಳಿಯಿತು. ಗಿರಿಜಕ್ಕ ನನ್ನ ಹತ್ತಿರ ಏನೂ ಕೇಳಲಿಲ್ಲ. ಅವರು ಕಾಯುತ್ತಿದ್ದದ್ದು ದೊಡ್ಡ ರೈಟ್ರನ್ನು.

ಅವರು ತಲೆ ಬೋಳಿಸಿಕೊಂಡು ಬಂದ ದಿನ ಬೆಳಿಗ್ಗೆ ಹಾಜರಿಗೆಂದು ಎಲ್ಲರೂ ಆಫೀಸಿನ ಮುಂದೆ ಸೇರಿದ್ದರು. ಗಿರಿಜಕ್ಕ ಮುಂದೆ ಬಂದು ಆ ಚೀಟಿಯನ್ನು ಅವರ ಮೇಜಿನ ಮೇಲೆ ಇಟ್ಟರು.

“ಹದಿನೆಂಟು ವರ್ಷ ನಿಮ್ ಕಣ್ಣೆದುರಿಗೆ ದುಡ್ದಿದೀನಿ. ನಾನು ಜೋರಾ, ಅಯ್ಯಾ?”

ಅವರು ಚೀಟಿ ಬಿಡಿಸಿ ಓದಿದರು. ಅಕ್ಷರ ನನ್ನದು, ಕೆಳಗಿನ ಹೆಸರು ಅವರದು. ತಲೆಯೆತ್ತಿ ನನ್ನನ್ನು ಒಂದು ಸಲ ನೋಡಿದರು. ನಾನು ಹಾಜರಿ ಪುಸ್ತಕದ ಗೆರೆಗಳನ್ನು ನೋಡುತ್ತಿದ್ದೆ. ಆಗ ಒಂದು ಮಾತು ಆಡಿದ್ದರೆ ಸಾಕಿತ್ತು, ನಾನಾಗಲಿ, ಅವರಾಗಲಿ. ಗೌಡ್ರು ವರಾಂಡದಲ್ಲೇ ನಿಂತಿದ್ದರು. ದೊಡ್ಡ ರೈಟ್ರು ಆಡಿದ್ದರೆ ನನ್ನ ಕೆಲಸ ಅಂದೇ ಹೋಗುತ್ತಿತ್ತು. ಹೈಸ್ಕೂಲಿನಲ್ಲಿ ಓದುವ ಇಬ್ಬರು ಹೆಣ್ಣುಮಕ್ಕಳು ನನಗೆ. ಅದು ಅವರಿಗೆ ಗೊತ್ತಿತ್ತು.

“ಅಲ್ಲಮ್ಮ,” ಎಂದರು. “ನೀನು ಜೋರಲ್ಲ. ಚೀಟಿ ನನ್ನ ಹೆಸರಲ್ಲಿ ಹೋಗಿದೆ. ಪದ ತಪ್ಪು. ತಪ್ಪು ನಂದು.”

ಎದ್ದು ನಿಂತು, ಅಷ್ಟು ಜನರ ಎದುರಿಗೆ ಕೈ ಮುಗಿದರು. ಗಿರಿಜಕ್ಕ ಆ ಕೈಗಳನ್ನು ನೋಡಲಿಲ್ಲ. ತಿರುಗಿ ಗುಡ್ಡದ ಕಡೆ ನಡೆದರು.

ಅವತ್ತೇ ಹತ್ತು ಗಂಟೆಯ ಬಸ್ಸಿಗೆ ದೊಡ್ಡ ರೈಟ್ರು ಕಳಸದ ಆ ತೋಟಕ್ಕೆ ಹೋದರು. ಬಸ್ಸು ಇಳಿದು ಮೂರು ಮೈಲಿ ಏರು. ಆ ಉಸಿರಿನಲ್ಲಿ ಹೇಗೆ ಹತ್ತಿದರೋ. ಜಾಗ ಹಿಂದಿನ ದಿನವೇ ತುಂಬಿಹೋಗಿತ್ತು. ಸಂಜೆ ಬಂದು ಕೊಡೆಯನ್ನು ಗೋಡೆಗೆ ಒರಗಿಸಿ ಕುಳಿತರು. ನಾನು ಹೊರಡಲು ಎದ್ದಾಗ ಹೇಳಿದರು:

“ನಿಂಗೆ ಸರಿಯಾದ ಪದ ಗೊತ್ತಿತ್ತು. ಗೊತ್ತಿಲ್ದೆ ಬರ್ದಿದ್ರೆ ಕಲಿಸ್ತಿದ್ದೆ ಮಾರಾಯ.”

ಬೈಯಲಿಲ್ಲ. ಆ ವಿಷಯವನ್ನು ಮತ್ತೆ ಎಂದೂ ಎತ್ತಲಿಲ್ಲ. ಎಂದಿನ ಹಾಗೆ ಡಬ್ಬಿ ಬಿಚ್ಚಿ ನನಗೂ ಲವಂಗ ಕೊಡುತ್ತಿದ್ದರು. ನಾನು ತೆಗೆದುಕೊಳ್ಳುತ್ತಿದ್ದೆ. ಇವತ್ತಲ್ಲ ನಾಳೆ ಗಿರಿಜಕ್ಕನ ಹತ್ತಿರ ಹೋಗಿ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ದೊಡ್ಡ ಮಗಳ ಪರೀಕ್ಷೆ ಮುಗಿಯಲಿ, ಮದುವೆ ಮುಗಿಯಲಿ, ಚಿಕ್ಕವಳದೂ ಒಂದು ದಾರಿಯಾಗಲಿ. ಹೀಗೆ ವರ್ಷಗಳು ಹೋದವು. ಕೆಟ್ಟ ಪದ ಬರೆದದ್ದು ಒಂದು ಗಳಿಗೆಯ ಕೆಲಸ. ಸುಮ್ಮನಿದ್ದದ್ದು ಹಾಗಲ್ಲ, ಅದನ್ನು ದಿನಾ ಬೆಳಿಗ್ಗೆ ಎದ್ದು ಹೊಸದಾಗಿ ಮಾಡಬೇಕಾಗಿತ್ತು, ಮಾಡಿದೆ.

ಲೈನಿನವರು ದೊಡ್ಡ ರೈಟ್ರ ಹತ್ತಿರ ಚೀಟಿಗೆ ಬರುವುದನ್ನು ಬಿಟ್ಟರು. ಎದುರಿಗೆ ಒಂದು ಓದುತ್ತಾರೆ, ಹಿಂದಿನಿಂದ ಫೋನಿನಲ್ಲಿ ಇನ್ನೊಂದು ಬರೆಸುತ್ತಾರೆ ಎಂಬ ಮಾತು ಹಬ್ಬಿತು. ಅಂಚೆ ಕಚೇರಿಯ ಮುಂದೆ ಕೂರುವವನಿಂದ ‘ಒಳ್ಳೆಯ ಆಳು’ ಎಂದು ಬರೆಸಿಕೊಂಡು ಹೋಗತೊಡಗಿದರು. ಮೇಜಿಗೆ ಎರಡು ಸಲ ಕುಟ್ಟುವ ಸದ್ದು ನಿಂತೇಹೋಯಿತು. ಇಡೀ ಬದುಕಿನಲ್ಲಿ ಅವರು ಗಳಿಸಿದ್ದು ಅದೊಂದೇ ನಂಬಿಕೆ, ಈ ಮನುಷ್ಯ ನಮ್ಮನ್ನು ಇದ್ದ ಹಾಗೆ ಬರೆಯುತ್ತಾನೆ ಎಂಬುದು. ಅದನ್ನು ನಾನು ಕಳೆದೆ.

ಅವರು ಮಾತ್ರ ಕೈಕಟ್ಟಿ ಕೂರಲಿಲ್ಲ. ಗೌಡ್ರ ಬೆನ್ನು ಹತ್ತಿದರು. ನಮ್ಮ ತೋಟಕ್ಕೂ ಒಂದು ನರ್ಸರಿ ಬೇಕು, ಕೆಳಗಿನ ಹಳ್ಳದ ಪಕ್ಕ ಗದ್ದೆ ಬೀಳುಬಿದ್ದಿದೆ, ಹೊರಗಿನಿಂದ ಸಸಿ ತರುವುದು ಯಾಕೆ ಎಂದು. ಮೊದಲ ವರ್ಷ ಗೌಡ್ರು ಕೇಳಿಸಿಕೊಳ್ಳಲಿಲ್ಲ. ಎರಡನೆಯ ವರ್ಷ ನೋಡೋಣ ಎಂದರು. ಪ್ರತಿ ಸಲವೂ ಇವರು ಅದೇ ಮೆತ್ತಗಿನ ದನಿಯಲ್ಲಿ, ಅದೇ ಮಾತನ್ನು, ಮೊದಲ ಸಲ ಹೇಳುವವರಂತೆ ಹೇಳುತ್ತಿದ್ದರು. ಮೂರನೆಯ ವರ್ಷ ಚಪ್ಪರ ಎದ್ದಿತು. ನೋಡಿಕೊಳ್ಳಲು ಯಾರು ಎಂದಾಗ ಗಿರಿಜಕ್ಕನ ಹೆಸರು ಹೇಳಿದವರೂ ಇವರೇ. ಆದರೆ ಹೋಗಿ ತಿಳಿಸುವಾಗ ನನ್ನ ಹೆಸರು ಎತ್ತಬಾರದು, ಬಂಗಲೆಯ ಅಮ್ಮಾವ್ರೇ ಆರಿಸಿದ್ದು ಅನ್ನಿ ಎಂದು ಗೌಡ್ರಿಗೆ ಹೇಳಿದರು. ನಾನು ಅಲ್ಲೇ ಇದ್ದೆ. ಆ ಮೂರು ವರ್ಷ ಗಿರಿಜಕ್ಕ ಅದೇ ಮಂಡಿಯಲ್ಲಿ ಗುಡ್ಡ ಹತ್ತಿ ಇಳಿದಿದ್ದರು. ಅದನ್ನು ನಾನು ದಿನಾ ಹಾಜರಿ ಹಾಕುತ್ತ ನೋಡಿದ್ದೆ.

ಎರಡು ಸಾವಿರದ ನಂತರ ಒಂದು ಮಾರ್ಚಿನಲ್ಲಿ ದೊಡ್ಡ ರೈಟ್ರು ಕೆಲಸ ಬಿಟ್ಟು ಊರಿಗೆ ಹೊರಟರು. ರೈಟರು ತೋಟ ಬಿಡುವಾಗ ಲೈನಿನವರು ಬಂದು ಹಾರ ಹಾಕಿ ಜೀಪಿನವರೆಗೆ ಕಳಿಸಿಕೊಡುವುದು ರೂಢಿ. ಅಂದು ಆಫೀಸಿನವರು ನಾಲ್ಕು ಜನ ಇದ್ದೆವು. ಅವರು ಒಂದು ಸಲ ಲೈನಿನ ದಾರಿಯ ಕಡೆ ನೋಡಿ ಜೀಪು ಹತ್ತಿದರು.

ಸಂತಾಪ ಸಭೆಯಿಂದ ಬಂದ ಮೇಲೆ ಮೂರು ದಿನ ನನಗೆ ಊಟ ಸೇರಲಿಲ್ಲ. ನಾಲ್ಕನೆಯ ದಿನ ಬಸ್ಸು ಹತ್ತಿ ತೋಟಕ್ಕೆ ಹೋದೆ. ನಾನೂ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಗಿರಿಜಕ್ಕ ನರ್ಸರಿಯ ಚಪ್ಪರದ ಕೆಳಗೆ ಗೋಣಿ ಹಾಸಿಕೊಂಡು ಕುಳಿತು ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ‘ಓ, ಚುರುಕು ರೈಟ್ರು’ ಎಂದು ನಕ್ಕರು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಚೀಲದಲ್ಲಿ ಸಿಕ್ಕ ಕಡ್ಡಿಯಿಂದ ಹಿಡಿದು ಗೋಂದಿನವರೆಗೆ, ಫೋನಿನ ಸುಳ್ಳಿನವರೆಗೆ, ಈ ನರ್ಸರಿ ಯಾರಿಂದ ಆಯಿತು ಎನ್ನುವವರೆಗೆ.

ಅವರ ಕೈ ನಿಂತಿತು.

“ಆ ಪದ ನಿಮ್ದು ಅಂತ ಅವ್ರಿಗೆ ಗೊತ್ತಿತ್ತಾ?”

“ಅವತ್ತೇ ಗೊತ್ತಾಯ್ತು. ಚೀಟಿ ನೋಡಿದ ಕೂಡ್ಲೇ.”

“ಗೊತ್ತಿದ್ದೂ ನಂಗೆ ಕೈ ಮುಗಿದ್ರಾ?”

ನಾನು ತಲೆ ಆಡಿಸಿದೆ. ಅವರು ಅರ್ಧ ತುಂಬಿದ್ದ ಚೀಲವನ್ನು ಕೆಳಗಿಟ್ಟರು. ಬಯ್ಯುತ್ತಾರೆ, ಮಣ್ಣು ತೂರುತ್ತಾರೆ ಎಂದುಕೊಂಡಿದ್ದೆ. ಅದಾದರೂ ಆಗಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ನನ್ನನ್ನು ಮರೆತೇಬಿಟ್ಟವರ ಹಾಗೆ ಸಸಿಗಳ ಕಡೆ ನೋಡುತ್ತ ಮಾತಾಡಿದರು.

“ಕೆಲ್ಸ ಬಿಟ್ ಮೇಲೂ ವರ್ಷಕ್ಕೊಂದ್ ಸಲ ಬರ್ತಿದ್ರು. ಅಗೋ, ಆ ಕಂಬದ ಹತ್ರ ನಿಂತ್ಕೊಂಡು, ಸಸಿ ಚೆನ್ನಾಗಿ ಬಂದಿದೆಯಮ್ಮ ಅಂತಿದ್ರು. ಹೋದ್ ವರ್ಷವೂ ಬಂದಿದ್ರು. ಉಸ್ರು ಕಟ್ತಿತ್ತು ಪಾಪ. ನಾ ತಲೆ ಎತ್ತಿದ್ದಿಲ್ಲ. ಹನ್ನೊಂದು ವರ್ಷ. ಒಂದ್ ಸಲ ಹೂಂ ಅಂದಿದ್ರೆ ನನ್ ಗಂಟೇನು ಹೋಗ್ತಿತ್ತು ರೈಟ್ರೇ?”

 ನಾನು ಅವರಿಂದ ಕಸಿದದ್ದು ಕಳಸದ ಕೆಲಸ ಒಂದೇ ಎಂದು ಅಷ್ಟು ವರ್ಷ ಲೆಕ್ಕ ಹಾಕಿದ್ದೆ. ಆ ಹೂಂ ನನ್ನ ಲೆಕ್ಕದಲ್ಲಿ ಇರಲೇ ಇಲ್ಲ.

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಸೆರಗಿನಿಂದ ಕೈಯ ಮಣ್ಣು ಒರೆಸಿಕೊಂಡು ಹೇಳಿದರು:

“ನಂಗೊಬ್ಳಿಗೆ ಹೇಳಿ ಹೋಗ್ಬೇಡಿ. ಅವತ್ತು ಕೇಳಿಸ್ಕೊಂಡೋರು ಇನ್ನೂ ಲೈನಲ್ಲಿ ಇದಾರೆ. ಬನ್ನಿ.”

ಎದ್ದೇಳಲು ಅವರಿಗೆ ಕಷ್ಟವಾಯಿತು. ನಾನು ಕೈ ಚಾಚಿದೆ. ಅವರು ಅದನ್ನು ಹಿಡಿಯದೆ ಚಪ್ಪರದ ಕಂಬ ಹಿಡಿದು ಎದ್ದರು. ಕುಂಟುತ್ತ ಮುಂದೆ ನಡೆದರು, ನಾನು ಹಿಂದೆ ನಡೆದೆ. ಲೈನಿನ ಮೊದಲ ಮನೆಯ ಜಗಲಿಯಲ್ಲಿ ಅಂದು ಆಫೀಸಿನ ಮುಂದೆ ನಿಂತಿದ್ದ ಇಬ್ಬರು ಮುದುಕಿಯರು ಕುಳಿತು ಅಕ್ಕಿ ಆರಿಸುತ್ತಿದ್ದರು. ಗಿರಿಜಕ್ಕ ಅವರ ಪಕ್ಕ ಕುಳಿತು, ನನಗೆ ನಿಲ್ಲಲು ಜಾಗ ತೋರಿಸಿ, ‘ಹೇಳಿ’ ಎಂದರು.